ಶರಣಮ್ಮನ ಟಿ.ವಿ.

ಜೂನ್ ೯, ಸೋಮವಾರ

ಕೋಥರೂಡದ ಗೇಟ್ ಡ್ಯೂಟಿ ಮುಗಿಸಿ ಧನಕವಡಿಯ ನಮ್ಮ ಖೋಲಿಗೆ ಬಂದೆ. ಅಪಾರ್ಟ್‌ಮೆಂಟ್ ಸೊಸೈಟಿಯವರ ಗಾಡಿಗಳಿಗೆ ಸಲಾಂ ಹೊಡೆದು ಹೊಡೆದು ಕೈ ನೋವು. ಇರಲಿ. ಮಗಳು ಮರೆಮ್ಮನ ಅರ್ಜಿ ಮೊದಲ ಪಟ್ಟಿಯಲ್ಲಿದೆ! ಕೂಲಿಯವರ ಮಕ್ಕಳಿಗೆ ಸರ್ಕಾರದ ಯೋಜನೆ — ನರ್ಸಿಂಗ್ ಫೀ, ಹಾಸ್ಟೆಲ್, ಊಟ ಎಲ್ಲ ಅವರದೇ. ಇದು ತಪ್ಪಿದರೆ ಅವಳೂ ತಾಯಿಯ ಜೊತೆ ಮನೆಮನೆ ಪಾತ್ರೆ ತಿಕ್ಕಬೇಕು. ಇನ್ನು ಸಾಹೇಬರು ಮನೆ ನೋಡಿ ಹೋಗುವುದೊಂದೇ ಬಾಕಿ.

ಜೂನ್ ೧೩

ಅಯ್ಯೋ ಇವಳೇ! ನಾನು ಡ್ಯೂಟಿಯಲ್ಲಿದ್ದಾಗ ಸಾಹೇಬರು ಬಂದು ಹೋದರಂತೆ. ನನ್ನ ಹೆಂಡತಿ ತಿಪ್ಪವ್ವ, ಪುಣ್ಯಾತ್ಗಿತ್ತಿ, ಕನ್ಯಾ ನೋಡಲು ಬೀಗರು ಬಂದಂತೆ ಮನೆ ಸಿಂಗರಿಸಿದ್ದಾಳೆ. ಪಕ್ಕದ ಖೋಲಿಯ ಶರಣಮ್ಮನ ದೊಡ್ಡ ಟಿ.ವಿ., ಎದುರಿನವರ ಸೋಫಾ, ಮಗಳ ಕೊರಳಿಗೆ ಯಾರದೋ ಸರ. ಗೋಡಂಬಿ ಹಾಕಿದ ಶಿರಾ ಬೇರೆ. ನಮ್ಮ ಯಾದಗಿರಿ ಕಡೆ ರೂಢಿಯೇ ಹಾಗೆ, ಬಂದವರಿಗಾಗಿ ಓಣಿಯೇ ಸಾಮಾನು ಕೊಡುತ್ತದೆ. ಸಾಹೇಬರು ಎಲ್ಲದರ ಫೋಟೋ ತೆಗೆದರಂತೆ. ಇವಳಿಗೆ ಅದೇ ಹೆಮ್ಮೆ.

ಬೈಯಲು ಬಾಯಿ ತೆರೆದೆ. "ಮನೀಗಿ ಬಂದವ್ರ ಮುಂದ ಬಡತನ ಹರವಿಕೊಂಡು ಕುಂದರ್ಲೇನ್ರಿ?" ಅಂದಳು.

ಜೂನ್ ೨೦

ಹೆಸರು ತೆಗೆದುಬಿಟ್ಟರು. ಅನುಕೂಲಸ್ಥರಂತೆ! ಮಳೆ ಬಂದರೆ ಸೋರುವಲ್ಲಿ ಪಾತೇಲಿ ಇಟ್ಟುಕೊಂಡು ಮಲಗುವ ಅನುಕೂಲಸ್ಥ ನಾನು. ಮರೆಮ್ಮ ಉಣ್ಣಲಿಲ್ಲ.

ಹಾಫ್ ಡೇ ಹಾಕಿ ಆಫೀಸಿಗೆ ಹೋದೆ. ಬಂದಷ್ಟು ಮರಾಠಿಯಲ್ಲಿ ಕೈಕಾಲು ಹಿಡಿದೆ. ಮತ್ತೊಮ್ಮೆ ಬರುತ್ತಾರೆ. ಸಾಮಾನು ತಮ್ಮದೆಂದು ನೆರೆಯವರು ಬಾಯಿಬಿಟ್ಟು ಹೇಳಿದರೆ ಸಾಕಂತೆ. ಎದುರಿನವರು ಸೋಫಾ ತಮ್ಮದೆಂದು ಹೇಳಲು ಒಪ್ಪಿದರು. ಶರಣಮ್ಮನಂತೂ ನಕ್ಕಳು. "ನನ್ನ ಟಿ.ವಿ. ನಂದ ಅನ್ನಾಕ ಏನ್ ಅಂಜಿಕ್ರಿ ಅಣ್ಣಾ?"

ಜೂನ್ ೨೭, ಮಧ್ಯಾಹ್ನ

ನಂಬಲಾಗುತ್ತಿಲ್ಲ.

ಸಾಹೇಬರನ್ನು ಶರಣಮ್ಮನ ಬಾಗಿಲಿಗೆ ಕರೆದೊಯ್ದೆ. ಟಿ.ವಿ. ಇದ್ದ ಗೋಡೆ ಖಾಲಿ. ಮೊಳೆ ಮಾತ್ರ. ಅವಳು ನನ್ನ ಮುಖ ನೋಡಲಿಲ್ಲ. ನಮ್ಮಲ್ಲಿ ಟಿ.ವಿ.ಯೇ ಇಲ್ಲ ಅಂದಳು, ಮರಾಠಿಯಲ್ಲಿ. ಹಾಗಾದರೆ ಅದು ನಿಮ್ಮದೇ ಎಂದು ನನಗೆ ಹೇಳಿ ಸಾಹೇಬರು ಹೊರಟರು. ಕೇಸ್ ಮುಗಿಯಿತಂತೆ.

ಆಮೇಲೆ ಶರಣಮ್ಮ ಬಂದಳು, ಬಾಯಿಗೆ ಸೆರಗು ಒತ್ತಿಕೊಂಡು. "ಮರೆಮ್ಮನ ಹೆಸರು ತೆಗೆದ ಜಾಗಕ್ಕ ನಮ್ಮ ಮಗ ಬಾಬೂನ ಹೆಸರು ಬಂದದ್ರಿ ಅಣ್ಣಾ. ನಾಳೆ ನಮ್ಮನಿ ನೋಡಾಕ ಬರ್ತಾರ."

ಟಿ.ವಿ.ಯನ್ನು ಬಚ್ಚಲಲ್ಲಿ ಮುಚ್ಚಿಟ್ಟಿದ್ದಾಳಂತೆ. ನಾಳೆಯೊಂದು ದಿನ ನಿಮ್ಮಲ್ಲಿ ಇರಲಿ ಎಂದು ಕೇಳಿದಳು. ಕೇಳಲು ಬಾಯಾದರೂ ಹೇಗೆ ಬಂತು? ತಿಪ್ಪವ್ವ ಆಗಲೇ ಮಂಚದ ಕೆಳಗೆ ಜಾಗ ಮಾಡುತ್ತಿದ್ದಾಳೆ.

ಟಿ.ವಿ.ಯ ಒಂದು ತುದಿ ಶರಣಮ್ಮ, ಇನ್ನೊಂದು ತುದಿ ಮರೆಮ್ಮ. ಬಾಗಿಲಲ್ಲಿ ನಾನು ಕೂತಿದ್ದೇನೆ. "ಅಪ್ಪಾ, ಸ್ವಲ್ಪ ಸರಿ" ಅನ್ನುತ್ತಿದ್ದಾಳೆ. ಬರೆಯುವುದು ನಿಲ್ಲಿಸಿ ಸರಿಯುತ್ತೇನೆ.