ಓಡಬೇಡ ಎಂದದ್ದು ಯಾಕೆ

ಬಿಳೂರ,
೧೭-೨-೨೦೨೬

ಕಾಜಲ್‌ಳ ಅಪ್ಪನವರಿಗೆ ಅನುರಾಧಾಳ ನಮಸ್ಕಾರ.

ಮಗಳು ಚೆನ್ನಾಗಿದ್ದಾಳೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ. ನೀವು ನನ್ನ ಫೋನು ಎತ್ತುವುದಿಲ್ಲ. ಅದಕ್ಕೇ, ಊರಿಗೆ ಬಂದಿದ್ದ ನಿಮ್ಮ ಅಂಗಡಿಯ ಅಪ್ಪಾಸಾಬ ನೀವಿರುವ ಸೇಲಂಗೆ ಮರಳಿ ಹೊರಟಿದ್ದಾನೆಂದು ಅವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಹೋದ ವಾರ ಶಾಲೆಯಿಂದ ಬರುತ್ತ ಕಾಜಲ್ ಎಡವಿ ತಗಡಿನ ಗೇಟಿನ ಮೇಲೆ ಬಿದ್ದಳು. ಹುಬ್ಬಿನಿಂದ ರೆಪ್ಪೆಯವರೆಗೆ ಸೀಳಿಹೋಗಿತ್ತು. ಜತ್ತದ ಆಸ್ಪತ್ರೆಗೆ ಒಯ್ದೆ. ಹೊಲಿಗೆ ಹಾಕಲು ಹೋದರೆ ಹತ್ತಿರ ಬಿಟ್ಟುಕೊಳ್ಳಲಿಲ್ಲ, ಕೈಕಾಲು ಬಡಿದು ಒದ್ದಾಡಿದಳು. ಕಣ್ಣಿನ ಪಕ್ಕದ ಗಾಯ, ಸೂಜಿ ಜಾರಿದರೆ ಗತಿಯೇನು? ಡಾಕ್ಟರ್ ಸುಮನ ಅವರು ಎದೆಗೆ ಬಡಿತ ತೋರಿಸುವ ಯಂತ್ರದ ವೈರು ಅಂಟಿಸಿ, ಮೂಗಿನಲ್ಲಿ ಮಂಪರಿನ ಔಷಧ ಹಾಕಿದರು.

ಮಗು ಮಲಗಿತು. ಯಂತ್ರದ ಸದ್ದು ಮಾತ್ರ ನಿಧಾನವಾಗುತ್ತ ಹೋಯಿತು. ಒಂದು ಸದ್ದಾದ ಮೇಲೆ ಇನ್ನೊಂದು ಬರುವವರೆಗೆ ನಾನು ಬೆರಳು ಮಡಚಿ ಎಣಿಸುತ್ತಿದ್ದೆ. ಅರ್ಧ ಹೊಲಿಗೆಗೇ ಕೈ ನಿಲ್ಲಿಸಿ ಡಾಕ್ಟರ್ ಪರದೆ ನೋಡಿದರು.

"ಈ ಔಷಧಕ್ಕ ಎದಿಬಡಿತ ಸ್ವಲ್ಪ ಇಳೀತದರಿ, ಅದು ಗೊತ್ತಿದ್ದದ್ದ. ಆದ್ರ ಈ ಗೆರಿ ಬ್ಯಾರೆ ಅನಸ್ತದ. ನಿಮ್ಮ ಮನ್ಯಾಗ ಯಾರರ ಸಣ್ಣ ವಯಸ್ಸಿನ್ಯಾಗ ಒಮ್ಮಿಂದೊಮ್ಮೆಲೆ ಸತ್ತಾರೇನ್ರಿ? ಎಚ್ಚರ ತಪ್ಪಿ ಬೀಳತಿದ್ರೇನ್ರಿ?"

ನಮ್ಮ ತವರಿನಲ್ಲಿ ಇಲ್ಲ ಎಂದೆ. ನಿಮ್ಮ ಕಡೆಯದು ನನಗೇನು ಗೊತ್ತು? ಅಷ್ಟರಲ್ಲಿ ಔಷಧದ ಅಮಲು ಇಳಿದು ಕಾಜಲ್ ಮುಖ ಹೊರಳಿಸತೊಡಗಿದಳು. ಇನ್ನಷ್ಟು ಹಾಕಲೇ ಎಂದು ನರ್ಸ್ ಕೇಳಿದರೆ ಡಾಕ್ಟರ್ ಕೈ ಅಡ್ಡ ಹಿಡಿದರು.

ನಾನು ಅಸಂಗಿಯಲ್ಲಿದ್ದ ನಿಮ್ಮ ಅವ್ವನಿಗೆ ಫೋನು ಹಚ್ಚಿದೆ. ನೀವು ಮುನಿಸಿಕೊಂಡು ಹೋದಾಗಿನಿಂದ ನಮ್ಮಿಬ್ಬರಿಗೆ ಮಾತಿರಲಿಲ್ಲ. "ನಮ್ಮ ವಂಶದಾಗ ಅಂಥಾದ್ದೇನಿಲ್ಲ" ಎಂದು ಇಟ್ಟೇಬಿಟ್ಟರು. ಮತ್ತೆ ಹಚ್ಚಿದೆ. ಎತ್ತಿದ ಕೂಡಲೇ ಫೋನನ್ನು ಯಂತ್ರದ ಹತ್ತಿರ ಹಿಡಿದೆ.

"ಅತ್ತಿ, ಇದು ನಿಮ್ಮ ಮೊಮ್ಮಗಳ ಎದಿ ಸಪ್ಪಳ. ಕೇಳ್ರಿ."

ಆ ಕಡೆಯಿಂದ ಅಳು ಕೇಳಿಸಿತು. ಅಳುತ್ತಲೇ ಹೇಳಿದರು:

"ನನ್ನ ಹಿರೇ ಮಗ ಕೈಲಾಸ ಈಜ ಬರಲಾರದಕ್ಕ ಬಾವ್ಯಾಗ ಮುಳುಗಿದಾವಲ್ಲವ್ವಾ. ಮೀನಿನಂಗ ಈಜತಿದ್ದ. ಈಜತಾ ಈಜತಾನ ಎಚ್ಚರ ತಪ್ಪಿದ. ಮೊದಲೂ ಓಡೂಮುಂದ ಬಿದ್ದಿದ್ದ. ಮೂರ್ಛಿ ಮನಿತನ ಅಂತ ಹೆಸರಾದ್ರ ನಿನ್ನ ಗಂಡ ವಿಜೂಗ ಯಾರು ಹೆಣ್ಣ ಕೊಡತಿದ್ರು? ಅದಕ್ಕ ಬಾಯಿ ಮುಚಗೊಂಡ್ವಿ."

ಡಾಕ್ಟರ್‌ಗೆ ಅಷ್ಟು ಸಾಕಾಯಿತು. ಮಂಪರಿನ ಔಷಧ ಮತ್ತೆ ಹಾಕಲಿಲ್ಲ. ಗಾಯದ ಸುತ್ತ ಮರಗಟ್ಟಿಸುವ ಸೂಜಿ ಚುಚ್ಚಿ, ಪರದೆಯ ಮೇಲೆ ಒಂದು ಕಣ್ಣಿಟ್ಟೇ ಉಳಿದದ್ದನ್ನು ಹೊಲಿದರು. ತಲೆ ಹಿಡಿದವಳು ನಾನು. ಅವಳು ಕೂಗಿದ್ದು "ಅಪ್ಪಾ" ಎಂದು.

ಎದೆಬಡಿತ ನೆಟ್ಟಗಾಗುವವರೆಗೆ ಆಸ್ಪತ್ರೆಯಿಂದ ಬಿಡಲಿಲ್ಲ. ಆಮೇಲೆ ಮಿರಜಿನಲ್ಲಿ ಹೃದಯದ ಡಾಕ್ಟರ್‌ಗೆ ತೋರಿಸಿದೆವು. ಹೃದಯದ ತಾಳ ತಪ್ಪುವ ಈ ದೋಷ ವಂಶದಲ್ಲೇ ಬರುತ್ತದಂತೆ. ಜೋರು ಓಟ, ಈಜು, ಕೆಲವು ಔಷಧ ಇವೆಲ್ಲ ಅದನ್ನು ಕೆಣಕುತ್ತವಂತೆ. ದಿನಾಲೂ ಗುಳಿಗೆ ನುಂಗಿ, ಜೋಪಾನವಾಗಿದ್ದರೆ ಎಲ್ಲರಂತೆ ಬಾಳಬಹುದು ಎಂದರು. ಅದನ್ನು ಕೇಳಿದ ಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಶಾಲೆಯ ಓಟಕ್ಕೆ ಅವಳ ಹೆಸರು ಕೊಟ್ಟಾಗ ನೀವು ಓಡಬೇಡ ಎಂದು ಆಕಾಶ ಭೂಮಿ ಒಂದು ಮಾಡಿದಿರಿ. ಹೆಣ್ಣುಮಗು ಓಡುವುದು ಇವರ ಕಣ್ಣಿಗೆ ಚುಚ್ಚುತ್ತದೆ ಎಂದು ನಾನು ಓಣಿಗೆಲ್ಲ ಕೇಳುವಂತೆ ಅಂದೆ. ನೀವು ಚೀಲ ಹಿಡಿದು ಹೊರಟಿರಿ. ನೀವು ಹೆದರಿದ್ದು ಯಾವುದಕ್ಕೆಂದು ಈಗ ಗೊತ್ತಾಯಿತು. ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆದರೆ ಹೆತ್ತವಳಿಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ಆ ಔಷಧ ಹಾಕುವ ಮೊದಲೇ ಡಾಕ್ಟರ್‌ಗೆ ತಿಳಿಸುತ್ತಿದ್ದೆ. ಇದಕ್ಕೆ ಉತ್ತರ ಕಾಗದದಲ್ಲಿ ಬೇಡ, ಎದುರಿಗೆ ಬಂದು ಹೇಳಿ.

ಸಿಟ್ಟು ಇಳಿಯದ,
ಅನುರಾಧಾ

ತಾ.ಕ.: ಅತ್ತೆಯವರು ಈಗ ನಮ್ಮಲ್ಲೇ ಇದ್ದಾರೆ. ನಿನ್ನೆ ಇನ್ನೊಂದು ಸಂಗತಿ ಬಾಯಿಬಿಟ್ಟರು: ಸೇಲಂನ ಅಂಗಡಿಯಲ್ಲಿ ಚಿನ್ನ ಕರಗಿಸುವ ಕುಲುಮೆಯ ಮುಂದೆ ನೀವೂ ಎಚ್ಚರ ತಪ್ಪಿ ಬಿದ್ದಿದ್ದಿರಂತೆ. ಅಪ್ಪಾಸಾಬನಿಗೆ ಕಟ್ಟಪ್ಪಣೆ ಮಾಡಿದ್ದೇನೆ: ನಿಮ್ಮನ್ನು ಅಲ್ಲಿಯ ಆಸ್ಪತ್ರೆಗೆ ಒಯ್ದು ಇಸಿಜಿ ತೆಗೆಸಿ, ಡಾಕ್ಟರ್ ಹ್ಞೂಂ ಎಂದ ಮೇಲೆಯೇ ಊರಿನ ಬಸ್ಸು ಹತ್ತಿಸಬೇಕು. ಸುಮ್ಮನೆ ಅವನ ಹಿಂದೆ ಹೋಗಿ. ಜಗಳ ಆಡುವುದಕ್ಕಾದರೂ ನನಗೆ ನೀವು ಬೇಕು.