ಬೀಗಿತಿ ಕಂಡ ಲಕ್ಷಣಗಳು

೧೨-೩-೧೯೬೨, ಸೋಮವಾರ

ಹರಿಹರದಿಂದ ಬಂದು ಸ್ನಾನ ಮಾಡಿದರೂ ಹೇಸಿಗೆ ಹೋಗಿಲ್ಲ.

ಮಗಳು ದಾಕ್ಷಾಯಣಿಯ ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಅವಳ ಅತ್ತೆ ಕಸ್ತೂರಮ್ಮ ಸಂತೆಯಲ್ಲಿ ಎಮ್ಮೆ ನೋಡಿದವಳಂತೆ ಶುರು ಮಾಡಿದಳು. "ನಿಮ್ಮ ಮಗಳು ಮೂರು ತಿಂಗಳಿಗೊಮ್ಮೆ ಮುಟ್ಟಾಗ್ತಾಳ್ರೀ. ಆದಾಗ ಹೊಟ್ಟೆ ಹಿಡ್ಕೊಂಡು ಮಲಗಿಬಿಡ್ತಾಳ. ಗದ್ದದ ಮ್ಯಾಲೆ ಕೂದಲು ಬ್ಯಾರೆ."

ನಮ್ಮಲ್ಲಿ ಹೊರಗೆ ಕೂರುವ ಪದ್ಧತಿ ಇಲ್ಲ. ಹೇಗೆ ಗೊತ್ತಾಯಿತು ಎಂದೆ. "ಒಗಿಯೋ ಬಟ್ಟೆ ನೋಡ್ತೀನ್ರಿ" ಎಂದಳು, ಹೆಮ್ಮೆಯಿಂದ. ಚಹಾದ ಲೋಟ ಕೆಳಗಿಟ್ಟೆ.

"ಲೇಡಿ ಡಾಕ್ಟರನ್ನ ಕೇಳಿದ್ರೇನ್ರಿ? ಏನಂದ್ರು?" ಎಂದೆ.

"ಬಂಜೆತನದ ಸೂಚನೆ ಇರಬೌದು, ಪರೀಕ್ಷೆ ಮಾಡದೆ ಹೇಳಕ್ಕಾಗಲ್ಲ, ಗಂಡನ್ನೂ ಕರ್ಕೊಂಡು ಬರ್ರಿ ಅಂದ್ರು. ನಮ್ಮ ಹುಡುಗಂಗೆ ಏನಾಗೈತ್ರಿ? ಮೀಸೆ ನೋಡ್ರಿ ಅವಂದು!"

"ಮೀಸೆಯಿಂದ ಮಕ್ಕಳಾಗಂಗಿದ್ರೆ ನನಗಿನ್ನೂ ಹತ್ತು ಆಗ್ಬೇಕಿತ್ತಲ್ರೀ" ಎಂದೆ, ನನ್ನ ಮೀಸೆ ಮುಟ್ಟಿ.

ಯಾರೂ ನಗಲಿಲ್ಲ. ಮಗನಿಗೆ ಬೇರೆ ಹೆಣ್ಣು ನೋಡುತ್ತಾರಂತೆ.

ಬೈಯುವಷ್ಟು ಬೈದು, ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಅಲ್ಲಿ ನನ್ನ ಮೇಲೇ ಅಸಹ್ಯವಾಯಿತು. ಮದುವೆಗೆ ಮುಂಚೆಯೇ ಹೆಂಡತಿ ಹೇಳಿದ್ದಳು, ಹುಡುಗಿಗೆ ತಿಂಗಳು ಸರಿಯಿಲ್ಲ, ಡಾಕ್ಟರಿಗೆ ತೋರಿಸೋಣ ಎಂದು. ಸುದ್ದಿ ಹಬ್ಬಿದರೆ ಸಂಬಂಧ ಕೆಡುತ್ತದೆ, ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದು ಬಾಯಿ ಮುಚ್ಚಿಸಿದ್ದೆ. ಹತ್ತಿಯ ಅಂಡಿಗೆ ಬಿಚ್ಚಿದಾಗ ಮೂಟೆಯೊಳಗೆ ತೇವವಿದ್ದರೆ ಒಂದು ದಿನವೂ ಮುಚ್ಚಿಡದ ದಲ್ಲಾಳಿ ನಾನು. ಥೂ, ನಾನೂ ಮಗಳನ್ನು ಮಾಲಿಗೇ ಹೋಲಿಸುತ್ತಿದ್ದೇನೆ.

ನಾಳೆ ಡಾಕ್ಟರ ಬಳಿ ಹೋಗುತ್ತೇವೆ. ಬಸ್ಸಿನಲ್ಲಿ ಮೊದಲ ಸಲ ಕೇಳಿದೆ, "ಭಾಳ ನೋವಾಗ್ತತೇನವ್ವ?"

"ಹದಿನಾಲ್ಕನೇ ವರ್ಷದಿಂದ, ಅಪ್ಪಾಜಿ" ಎಂದು ಕಿಟಕಿಯತ್ತ ತಿರುಗಿದಳು.