ಮಟಾಟುವಿನ ಬೆನ್ನಿಗೆ ಜಪಾನೀ

ನೈರೋಬಿ, ಜುಲೈ

ಭಾವ, ನಮಸ್ಕಾರ.

ಇಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನುಗಳಿಗೆ ಮೈತುಂಬ ಚಿತ್ರ ಬರೆಸುತ್ತಾರೆ. ಇಂಡಸ್ಟ್ರಿಯಲ್ ಏರಿಯಾದ ನಮ್ಮ ಗೋಡೌನಿಗೆ ನಾನು ದಿನಾ ಹತ್ತುವ ಮಟಾಟುವಿನ ಬೆನ್ನಿಗೆ ಕುರೋಸೆ ಎಂಬ ಜಪಾನೀ ಫುಟ್‌ಬಾಲ್ ಆಟಗಾರ ಕೈಕಟ್ಟಿ ನಿಂತಿದ್ದಾನೆ. ಯೂರೋಪಿನಲ್ಲಿ ಡಿಫೆಂಡರ್, ಎದುರಾಳಿಯನ್ನು ಮುಂದೆ ಬಿಡದಿರುವುದೇ ಅವನ ಉದ್ಯೋಗ. ಈ ಮಟಾಟುವೂ ಹಿಂದೆ ಬರುವ ಯಾರನ್ನೂ ಮುಂದೆ ಬಿಡುವುದಿಲ್ಲ.

ಪಾಪ, ಕ್ಲಬ್ಬುಗಳು ಮಾತ್ರ ಅವನನ್ನು ಒಂದು ಕಡೆ ನಿಲ್ಲಗೊಡುವುದಿಲ್ಲ. ಮೊದಲು ಬೆಲ್ಜಿಯಂ, ಆಮೇಲೆ ಜರ್ಮನಿ, ಅಲ್ಲಿಂದ ಎರವಲಾಗಿ ಹಾಲೆಂಡ್. ಅವನು ಕ್ಲಬ್ ಬದಲಿಸಿದಾಗಲೆಲ್ಲ ಮಟಾಟು ಮಾಲೀಕ ಪೇಂಟರನ್ನು ಕರೆಸಿ ಜೆರ್ಸಿಯ ಬಣ್ಣ ಬದಲಿಸುತ್ತಾನೆ. ನಿನ್ನೆ ನೋಡಿದರೆ ಜೆರ್ಸಿ ಬರೀ ಬಿಳಿ! ಕಂಡಕ್ಟರನನ್ನು ಕೇಳಿದೆ.

"ಕಾಂಟ್ರ್ಯಾಕ್ಟ್ ಮುಗೀತು ಬಾಸ್. ಇನ್ನೂ ಯಾರೂ ತಗೊಂಡಿಲ್ಲ. ಅಲ್ಲೀವರೆಗೆ ಬಣ್ಣಕ್ಕೆ ಮುಂಚೆ ಬಳಿಯೋ ಪ್ರೈಮರ್ ಮಾತ್ರ ಹೊಡೆದಿಟ್ಟಿದೀವಿ."

"ಬೇರೆ ಯಾರನ್ನಾದ್ರೂ ಬರೆಸಬಾರ್ದಾ?"

ಅವನಿಗೆ ಸಿಟ್ಟೇ ಬಂತು. "ಏನ್ ಮಾತು ಬಾಸ್! ನಮ್ಮ ಗಾಡೀಲಿ ಅವನು ಪರ್ಮನೆಂಟ್!"

ಆರೋಗ್ಯ ಚೆನ್ನಾಗಿದೆ. ಇಲ್ಲಿ ಜುಲೈನಲ್ಲಿ ಚಳಿ. ನಾನು ಬೇಡವೆಂದರೂ ಅಕ್ಕ ಪೆಟ್ಟಿಗೆಗೆ ತುರುಕಿದ ಸ್ವೆಟರೇ ಕಾಪಾಡುತ್ತಿದೆ.

"ಪರ್ಮನೆಂಟ್ ಆಯ್ತೇನಯ್ಯಾ?" ಎಂದು ನೀವು ಪ್ರತಿ ಫೋನಿನಲ್ಲೂ ಕೇಳುತ್ತೀರಲ್ಲ, ಅದಕ್ಕೆ ಉತ್ತರ: ಶುಕ್ರವಾರ ನನ್ನ ಕಾಂಟ್ರ್ಯಾಕ್ಟೂ ಮುಗಿಯುತ್ತದೆ. ಈ ಕಾರ್ಡು ತಲುಪುವಷ್ಟರಲ್ಲಿ ನನಗೂ ಪ್ರೈಮರ್ ಹೊಡೆದಿಟ್ಟಿರುತ್ತಾರೆ. ನನ್ನನ್ನು ಬೆನ್ನಿಗೆ ಬರೆಸಿಕೊಳ್ಳುವ ಮಟಾಟು ಮಾತ್ರ ಇನ್ನೂ ಸಿಕ್ಕಿಲ್ಲ.

ಗಾಡಿ ಹಾರ್ನ್ ಹೊಡೆಯುತ್ತಿದೆ. ಅಕ್ಕನಿಗೆ ಹೇಳಬೇಡಿ ಅನ್ನುವಂತಿಲ್ಲ, ಬಿಡಿ. ಕಾರ್ಡನ್ನು ನಿಮಗಿಂತ ಮೊದಲು ಅವಳೇ ಓದಿರುತ್ತಾಳೆ.

ಸೀನು